ಎಳೆ ತುಂಡಾದರೂ ನೂಲು ತುಂಡಾಗದು

ರಾಮನಗರದ ಒಂದು ನೂಲು ಬಿಚ್ಚಾಣಿಕೆ ಘಟಕದೊಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ಬೆಂದ ಗೂಡಿನ ವಾಸನೆ. ಆಮೇಲೆ ಹಬೆ. ಹಬೆಯ ಹಿಂದೆ ಸಾಲಾಗಿ ಬೇಸಿನ್‌ಗಳು. ಬಿಸಿನೀರಿನಲ್ಲಿ ರೇಷ್ಮೆಗೂಡುಗಳು ಕುಣಿಯುತ್ತ ತಮ್ಮ ಎಳೆ ಬಿಟ್ಟುಕೊಡುತ್ತಿರುತ್ತವೆ. ಎಂಟೋ ಹತ್ತೋ ಗೂಡುಗಳ ಎಳೆಗಳು ಕೂಡಿ, ಸೆರಿಸಿನ್ ಎಂಬ ತಮ್ಮದೇ ಅಂಟಿನಿಂದ ಒಂದಕ್ಕೊಂದು ಹತ್ತಿಕೊಂಡು, ಒಂದೇ ನೂಲಾಗಿ ಮೇಲಿನ ರಾಟೆಗೆ ಸುತ್ತಿಕೊಳ್ಳುತ್ತವೆ.

ಒಂದು ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸುಮಾರು ಸಾವಿರ ಮೀಟರ್ ಎಳೆ ಇರುತ್ತದೆ. ರಾಟೆಗೆ ಬೇಕಾದ ನೂಲು ಅದರ ಎಷ್ಟೋ ಪಟ್ಟು ಉದ್ದ. ಹಾಗಾದರೆ ಗೂಡು ಬರಿದಾದಾಗ ಏನಾಗುತ್ತದೆ? ನಡುವೆಯೇ ಎಳೆ ಕಡಿದರೆ? ಬೇಸಿನ್ ಮುಂದೆ ಕೂತ ಹೆಣ್ಣುಮಗಳ ಕೈ ನೋಡಿ. ಒಂದು ಗೂಡು ಮುಗಿದದ್ದು ಕಣ್ಣಿಗೆ ಬಿದ್ದ ಕ್ಷಣವೇ ಪಕ್ಕದಲ್ಲಿ ಸಿದ್ಧವಾಗಿಟ್ಟ ಇನ್ನೊಂದು ಗೂಡಿನ ಎಳೆಯನ್ನು ಓಡುತ್ತಿರುವ ನೂಲಿಗೆ ತಾಗಿಸುತ್ತಾಳೆ. ಅಂಟು ಹಿಡಿಯುತ್ತದೆ. ರಾಟೆ ನಿಲ್ಲುವುದಿಲ್ಲ.

ಇಲ್ಲಿ ಮೂರು ಸಂಗತಿಗಳಿವೆ. ಬೇಸಿನ್‌ನಲ್ಲಿರುವ ಗೂಡುಗಳು ಬೇರೆ ಬೇರೆ ಹಂತದಲ್ಲಿವೆ. ಒಂದು ಈಗಷ್ಟೇ ಶುರುವಾಗಿದೆ, ಒಂದು ಅರ್ಧ ಸವೆದಿದೆ, ಆದ್ದರಿಂದ ಎಲ್ಲವೂ ಒಟ್ಟಿಗೆ ಮುಗಿಯುವುದಿಲ್ಲ. ಎಳೆಯ ತುದಿ ಹುಡುಕಿಟ್ಟ ಬದಲಿ ಗೂಡುಗಳು ಕೈಯಳತೆಯಲ್ಲೇ ಇವೆ. ನೂಲು ತೆಳುವಾದದ್ದನ್ನು ತಕ್ಷಣ ಗುರುತಿಸುವ ಕಣ್ಣು ಇದೆ. ಸ್ವಯಂಚಾಲಿತ ರೀಲಿಂಗ್ ಯಂತ್ರದಲ್ಲಿ ಈ ಕಣ್ಣಿನ ಕೆಲಸವನ್ನು ಒಂದು ಪುಟ್ಟ ಸಾಧನ ಮಾಡುತ್ತದೆ. ಎರಡು ಗಾಜಿನ ಹಲಗೆಗಳ ನಡುವಿನ ಸಣ್ಣ ಸಂದಿಯಲ್ಲಿ ನೂಲು ಹಾಯುತ್ತದೆ. ನೂಲು ದಪ್ಪಗಿದ್ದಷ್ಟು ಹೊತ್ತು ಉಜ್ಜುವಿಕೆಯ ಬಲ ಒಂದು ಸನ್ನೆಯನ್ನು ಎತ್ತಿ ಹಿಡಿದಿರುತ್ತದೆ. ಒಂದು ಎಳೆ ಕಡಿದು ನೂಲು ತೆಳುವಾದರೆ ಸನ್ನೆ ಕೆಳಗೆ ಬೀಳುತ್ತದೆ. ಯಂತ್ರ ಹೊಸ ಗೂಡನ್ನು ತಂದು ಸೇರಿಸುತ್ತದೆ.

ಕಂಪ್ಯೂಟರ್ ಲೋಕದವರು ‘ಹೈ ಅವೈಲಬಿಲಿಟಿ’ ಎಂದು ಕರೆಯುವುದು ಇದನ್ನೇ. ನಾವು ಅದನ್ನು ಎಡೆಬಿಡದ ಲಭ್ಯತೆ ಎನ್ನೋಣ. ಕೆಡದ ಸರ್ವರ್ ಎಂಬುದು ಎಲ್ಲೂ ಇಲ್ಲ, ಮುಗಿಯದ ಗೂಡು ಇಲ್ಲದ ಹಾಗೆ. ಎಳೆ ತುಂಡಾಗುತ್ತಲೇ ಇರುತ್ತದೆ ಎಂದು ಒಪ್ಪಿಕೊಂಡು, ನೂಲು ತುಂಡಾಗದಂತೆ ನೋಡಿಕೊಳ್ಳುವ ವಿದ್ಯೆಯೇ ಈ ಅಧ್ಯಾಯದ ವಿಷಯ. ಅದನ್ನು ಕಲಿಯಲು ರಾಮನಗರ, ಕನಕಪುರ, ಮಾಗಡಿ, ಚನ್ನಪಟ್ಟಣಗಳ ಸೀಮೆಗಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ.

ಗೂಡು ಕಾಯುವುದಿಲ್ಲ

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಹಿಂದೆ ಇಲ್ಲಿ ಕೂಗಿ ಹರಾಜು ನಡೆಯುತ್ತಿತ್ತು. ಈಗ ಇ-ಹರಾಜು. ರೈತ ತಂದ ಗೂಡಿಗೆ ಲಾಟ್ ಸಂಖ್ಯೆ ಬೀಳುತ್ತದೆ. ನೂಲು ಬಿಚ್ಚುವ ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು, ಅಲುಗಿಸಿ ನೋಡಿ, ಮೊಬೈಲಿನಲ್ಲಿ ಬೆಲೆ ಕೂಗುತ್ತಾರೆ. ಬೆಲೆ ಒಪ್ಪಿಗೆಯಾದರೆ ತೂಕ, ಆಮೇಲೆ ರೈತನ ಬ್ಯಾಂಕ್ ಖಾತೆಗೆ ಹಣ. ಪ್ರತಿ ಹೆಜ್ಜೆಯ ಹಿಂದೆಯೂ ಒಂದು ತಂತ್ರಾಂಶ, ಅದರ ಹಿಂದೆ ಒಂದು ಸರ್ವರ್.

ಗೂಡಿನೊಳಗೆ ಇರುವುದು ಜೀವ. ಹುಳ ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಒಳಗಿನ ಪ್ಯೂಪಾ ಪತಂಗವಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಉದ್ದನೆಯ ಎಳೆ ತೆಗೆಯಲಾಗದು. ಹುಳ ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಯಿಂದ ಗೂಡು ಬಿಡಿಸಿದ ರೈತನಿಗೆ ಉಳಿಯುವುದು ಕೆಲವೇ ದಿನ. ಕಾದಷ್ಟೂ ಗೂಡು ಒಣಗಿ ತೂಕ ಇಳಿಯುತ್ತದೆ. ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಮಾತು ಇಂಥ ಕಡೆ ನೇರವಾಗಿ ರೈತನ ತಕ್ಕಡಿಯ ಮೇಲೆ ಬೀಳುತ್ತದೆ. ರಾತ್ರಿಯಿಡೀ ಎಚ್ಚರವಿದ್ದು ಬಸ್ಸಿನಲ್ಲಿ ಮೂಟೆ ತಂದವನಿಗೆ ಆ ಮಾತು ಹೇಳುವ ಹಕ್ಕು ಯಂತ್ರಕ್ಕಿಲ್ಲ ಎಂಬುದು ನನ್ನ ನಂಬಿಕೆ.

ಲಭ್ಯತೆಯನ್ನು ಎಂಜಿನಿಯರುಗಳು ಶೇಕಡಾ ಲೆಕ್ಕದಲ್ಲಿ ಅಳೆಯುತ್ತಾರೆ. ಶೇ. 99 ಎಂದರೆ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ವರ್ಷದ 8,760 ಗಂಟೆಗಳಲ್ಲಿ ಶೇ. 1 ಎಂದರೆ 87 ಗಂಟೆಗೂ ಹೆಚ್ಚು, ಅಂದರೆ ಮೂರೂವರೆ ದಿನಕ್ಕಿಂತ ಮಿಗಿಲು. ಶೇ. 99.9 ಆದರೆ ಸುಮಾರು ಎಂಟೂಮುಕ್ಕಾಲು ಗಂಟೆ. ಶೇ. 99.99 ಆದರೆ 53 ನಿಮಿಷ. ಶೇ. 99.999 ಆದರೆ ಐದು ನಿಮಿಷ ಚಿಲ್ಲರೆ. ಒಂದೊಂದು ಒಂಬತ್ತು ಸೇರಿಸಿದಾಗಲೂ ಖರ್ಚು ಜಿಗಿಯುತ್ತದೆ.

ಈ ಸರಾಸರಿಯನ್ನೇ ನಂಬಿ ಕೂರುವಂತಿಲ್ಲ. ನಡುರಾತ್ರಿ ಎರಡು ಗಂಟೆ ನಿಂತ ಸರ್ವರ್ ಮಾರುಕಟ್ಟೆಯಲ್ಲಿ ಯಾರಿಗೂ ನೋವು ಮಾಡುವುದಿಲ್ಲ. ಹರಾಜಿನ ಹೊತ್ತಿನಲ್ಲಿ ಹತ್ತು ನಿಮಿಷ ನಿಂತರೆ ಇಡೀ ಅಂಗಳ ನಿಲ್ಲುತ್ತದೆ. ಅದಕ್ಕೇ ಯೋಜನೆ ಹಾಕುವವರು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ನಿಂತರೆ ಎಷ್ಟು ಹೊತ್ತು ತಡೆದುಕೊಳ್ಳಬಹುದು? ನಿಂತಾಗ ಎಷ್ಟು ದಾಖಲೆ ಕಳೆದುಕೊಳ್ಳಬಹುದು? ಹರಾಜಿನಲ್ಲಿ ಐದು ನಿಮಿಷ ಕಾಯಬಹುದು, ಆದರೆ ಕೂಗಿದ ಒಂದು ಬೆಲೆಯೂ ಕಳೆದುಹೋಗುವಂತಿಲ್ಲ. ನೀರಿನ ಪಂಪಿನಲ್ಲಿ ಇದು ಉಲ್ಟಾ: ಹಳೆಯ ಐದು ನಿಮಿಷದ ಅಂಕಿ ಹೋದರೂ ನಡೆದೀತು, ನಿಯಂತ್ರಣ ತಪ್ಪಬಾರದು.

ಹಾರೋಹಳ್ಳಿಯ ಗುಣಾಕಾರ

ಪಂಪಿನ ಮಾತು ಬಂದದ್ದರಿಂದ ಕನಕಪುರ ರಸ್ತೆಗೆ ಹೋಗೋಣ. ಬೆಂಗಳೂರಿನ ನಲ್ಲಿಗಳಿಗೆ ಬರುವ ಕಾವೇರಿ ನೀರು ಈ ದಾರಿಯಲ್ಲೇ ಹತ್ತಿ ಬರುತ್ತದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ, ನಮ್ಮ ಹಾರೋಹಳ್ಳಿ, ಆಮೇಲೆ ತಾತಗುಣಿ: ಮೂರು ಪಂಪಿಂಗ್ ನೆಲೆಗಳು. ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರ. 1974ರಲ್ಲಿ ಮೊದಲ ಹಂತ ಶುರುವಾಯಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರಿಗಾಗಿ ಕಟ್ಟಿದ್ದು.

ಮೂರು ನೆಲೆಗಳೂ ಸರಣಿಯಲ್ಲಿವೆ. ಹಾರೋಹಳ್ಳಿ ನಿಂತರೆ ತೊರೆಕಾಡನಹಳ್ಳಿ ಎತ್ತಿದ ನೀರಿಗೆ ಮುಂದೆ ದಾರಿಯಿಲ್ಲ, ತಾತಗುಣಿಗೆ ಎತ್ತಲು ನೀರಿಲ್ಲ. ಲೆಕ್ಕದ ಸಲುವಾಗಿ ಪ್ರತಿ ನೆಲೆಯ ಲಭ್ಯತೆ ಶೇ. 99 ಎಂದಿಟ್ಟುಕೊಳ್ಳಿ. ಸರಣಿಯಲ್ಲಿ ಅವನ್ನು ಗುಣಿಸಬೇಕು: 0.99 × 0.99 × 0.99. ಬರುವುದು ಸುಮಾರು 0.97. ಒಂದೊಂದೂ ವರ್ಷಕ್ಕೆ ಮೂರೂವರೆ ದಿನ ನಿಂತರೆ ಒಟ್ಟು ಸಾಲು ಹನ್ನೊಂದು ದಿನದಷ್ಟು ನಿಲ್ಲಬಹುದು.

ಈಗ ಪ್ರತಿ ನೆಲೆಯಲ್ಲೂ ಒಂದರ ಕೆಲಸಕ್ಕೆ ಎರಡು ಯಂತ್ರ ಇಡಿ. ಎರಡೂ ಒಟ್ಟಿಗೆ ಕೆಟ್ಟರೆ ಮಾತ್ರ ನೆಲೆ ನಿಲ್ಲುತ್ತದೆ. ಆ ಸಂಭವ ನೂರರಲ್ಲೊಂದರ ನೂರರಲ್ಲೊಂದು, ಅಂದರೆ ಹತ್ತು ಸಾವಿರಕ್ಕೊಂದು. ಮೂರು ನೆಲೆಗಳ ಸಾಲು ಈಗ ವರ್ಷಕ್ಕೆ ನಿಲ್ಲುವುದು ಎರಡೂವರೆ ಗಂಟೆ ಚಿಲ್ಲರೆ. ಹನ್ನೊಂದು ದಿನದಿಂದ ಎರಡೂವರೆ ಗಂಟೆಗೆ!

ಸರ್ವರ್ ಯೋಜನೆಯ ಮೊದಲ ಕೆಲಸವೇ ಈ ಸಾಲನ್ನು ಕಾಗದದ ಮೇಲೆ ಬರೆಯುವುದು. ರೀಲರನ ಫೋನಿನಿಂದ ರೈತನ ಖಾತೆಯವರೆಗೆ ಮಾಹಿತಿ ಹಾಯುವ ಪ್ರತಿ ಕೊಂಡಿ: ವೈಫೈ ಪೆಟ್ಟಿಗೆ, ಸ್ವಿಚ್, ಕೇಬಲ್, ಸರ್ವರ್, ಡಿಸ್ಕ್, ಯುಪಿಎಸ್, ಜನರೇಟರ್, ತಕ್ಕಡಿಯ ಸಂಪರ್ಕ, ಬ್ಯಾಂಕಿನ ದಾರಿ. ಯಾವ ಕೊಂಡಿ ಒಂಟಿಯಾಗಿದೆಯೋ ಅದೇ ಇಡೀ ಸರಪಳಿಯ ಬಲ. ಲಕ್ಷಗಟ್ಟಲೆ ಸುರಿದು ಎರಡು ಸರ್ವರ್ ತಂದು, ಎರಡನ್ನೂ ಒಂದೇ ಪ್ಲಗ್ ಪಟ್ಟಿಗೆ ಚುಚ್ಚಿದರೆ ಸಿಕ್ಕ ಲಭ್ಯತೆ ಆ ಪ್ಲಗ್ ಪಟ್ಟಿಯದು.

ಸ್ವಯಂಚಾಲನೆಯ ವ್ಯವಸ್ಥೆಗಳಲ್ಲಿ ಇನ್ನೊಂದು ಜಾಣ್ಮೆಯಿದೆ. ಪಂಪಿನ ಪಕ್ಕದಲ್ಲೇ ಪಿಎಲ್‌ಸಿ ಎಂಬ ಸಣ್ಣ ನಿಯಂತ್ರಕ ಕೂತಿರುತ್ತದೆ. ಎಲ್ಲ ನೆಲೆಗಳ ಒತ್ತಡ, ಮಟ್ಟ, ಹರಿವನ್ನು ಒಂದೇ ಪರದೆಗೆ ತರುವ ಸ್ಕಾಡಾ ಸರ್ವರ್ ಕಣ್ಣು ಮುಚ್ಚಿದರೂ ಪಿಎಲ್‌ಸಿ ತನ್ನ ಪಂಪನ್ನು ತಾನೇ ಕಾಯಬಲ್ಲದು. ಆಗ ಸ್ಥಾವರ ಕುರುಡಾಗುತ್ತದೆ, ಹುಚ್ಚಾಗುವುದಿಲ್ಲ. ಯಾವ ಬುದ್ಧಿ ಯಂತ್ರದ ಬಳಿ ಇರಬೇಕು, ಯಾವುದು ದೂರದ ಸರ್ವರಿನಲ್ಲಿ ಎಂಬ ಹಂಚಿಕೆಯೇ ಒಂದು ರಕ್ಷಣೆ.

ಒಂದೇ ಧೂಳಿಗೆ ಎರಡು ಕಣ್ಣು

‘ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ’ ಎಂದು ಹಿರಿಯರು ಹೇಳುತ್ತಿದ್ದರು. ನಿಜ. ಆದರೆ ಎರಡು ಕಣ್ಣಿಗೂ ಒಂದೇ ಗಾಳಿಯ ಧೂಳು ಬಿದ್ದರೆ?

ಟೊಯೊಟಾ ಎಂದರೆ ನಮ್ಮವರಿಗೆ ಬಿಡದಿ ನೆನಪಾಗುತ್ತದೆ. 1999ರ ಕೊನೆಯಿಂದ ಅಲ್ಲಿ ಕಾರು ತಯಾರಾಗುತ್ತಿದೆ. ಬಿಡಿಭಾಗಗಳನ್ನು ಗುಡ್ಡೆ ಹಾಕಿಕೊಳ್ಳದೆ, ಬೇಕಾದಾಗ ಬೇಕಾದಷ್ಟೇ ತರಿಸಿಕೊಳ್ಳುವ ಪದ್ಧತಿಗೆ ಜಗತ್ಪ್ರಸಿದ್ಧವಾದ ಕಂಪನಿ ಅದು. ಆ ಪದ್ಧತಿಯಲ್ಲಿ ಬಿಡಿಭಾಗಗಳಿಗೆ ಆದೇಶ ಕಳಿಸುವ ಸರ್ವರ್ ನಿಂತರೆ ಕಾರ್ಖಾನೆಯೇ ನಿಂತಂತೆ. 2023ರ ಆಗಸ್ಟ್ 29ರಂದು ಜಪಾನಿನಲ್ಲಿ ಹಾಗೆಯೇ ಆಯಿತು: ಅದರ 14 ಕಾರ್ಖಾನೆಗಳೂ ನಿಂತವು. ಕಾರಣವನ್ನು ಕಂಪನಿಯೇ ಆಮೇಲೆ ಬಿಚ್ಚಿ ಹೇಳಿತು. ಎರಡು ದಿನ ಮೊದಲು, ಆಗಸ್ಟ್ 27ರಂದು, ನಿಗದಿಯ ನಿರ್ವಹಣೆ ನಡೆದಿತ್ತು. ದತ್ತಸಂಚಯದ ಹಳೆಯ ಮಾಹಿತಿ ಅಳಿಸಿ ಜೋಡಿಸುವಾಗ ಡಿಸ್ಕಿನಲ್ಲಿ ಜಾಗ ಸಾಲದೆ ವ್ಯವಸ್ಥೆ ನಿಂತಿತು. ಬದಲಿ ಇತ್ತು. ಆದರೆ ಅದೂ ಅದೇ ವ್ಯವಸ್ಥೆಯ ಮೇಲೆ ಓಡುತ್ತಿದ್ದುದರಿಂದ ಅದಕ್ಕೂ ಅದೇ ಗತಿಯಾಯಿತು. ಕೈ ಬದಲಾಯಿಸಲು ಆಗಲಿಲ್ಲ. ಕೊನೆಗೆ ಹೆಚ್ಚು ಜಾಗವಿದ್ದ ಇನ್ನೊಂದು ಸರ್ವರಿಗೆ ಮಾಹಿತಿ ಸಾಗಿಸಿದ ಮೇಲೆ ಮರುದಿನ ಕೆಲಸ ಮೊದಲಾಯಿತು.

ಹಾರೋಹಳ್ಳಿಯ ಲೆಕ್ಕಕ್ಕೆ ಮರಳಿ. ನೂರರಲ್ಲೊಂದನ್ನು ನೂರರಲ್ಲೊಂದರಿಂದ ಗುಣಿಸಿ ಹತ್ತು ಸಾವಿರಕ್ಕೊಂದು ಮಾಡಿದೆವಲ್ಲ, ಆ ಗುಣಾಕಾರ ನಿಲ್ಲುವುದು ಒಂದು ಷರತ್ತಿನ ಮೇಲೆ: ಎರಡು ಯಂತ್ರಗಳ ಕೇಡಿಗೆ ಒಂದೇ ಕಾರಣ ಇರಬಾರದು. ಒಂದೇ ಡಿಸ್ಕು, ಒಂದೇ ಕೋಣೆಯ ಎಸಿ, ಒಂದೇ ದಿನ ಎರಡಕ್ಕೂ ಹಾಕಿದ ಹೊಸ ತಂತ್ರಾಂಶ, ಇವುಗಳಲ್ಲಿ ಯಾವುದಿದ್ದರೂ ಹತ್ತು ಸಾವಿರ ಮತ್ತೆ ನೂರಕ್ಕೆ ಇಳಿಯುತ್ತದೆ. ಬೇಸಿನ್ ಮುಂದಿನ ಹೆಣ್ಣುಮಗಳಿಗೆ ಇದು ಗೊತ್ತು. ಒಂದೇ ಹಂತದ ಗೂಡುಗಳನ್ನೇ ಒಟ್ಟಿಗೆ ಬಿಟ್ಟರೆ ಎಲ್ಲವೂ ಒಟ್ಟಿಗೆ ಮುಗಿಯುತ್ತವೆ, ನೂಲು ಕಡಿಯುತ್ತದೆ.

ಮೌನಕ್ಕೆ ಎರಡು ಅರ್ಥ

ಎರಡು ಸರ್ವರುಗಳಿವೆ, ಎರಡೂ ಬೇರೆ ಬೇರೆ ಕಡೆ ಇವೆ ಎನ್ನೋಣ. ಒಂದು ಯಜಮಾನ, ಇನ್ನೊಂದು ಬದಲಿ. ಯಜಮಾನ ಕ್ಷಣಕ್ಕೊಮ್ಮೆ ‘ಇದ್ದೇನೆ’ ಎಂಬ ಪುಟ್ಟ ಸಂದೇಶ ಕಳಿಸುತ್ತದೆ. ಅದಕ್ಕೆ ಹೃದಯಬಡಿತ ಎಂದೇ ಹೆಸರು. ಬಡಿತ ಒಂದಿಷ್ಟು ಸಲ ತಪ್ಪಿದರೆ ಬದಲಿ ಎದ್ದು ಕೆಲಸ ಹಿಡಿಯುತ್ತದೆ. ರೀಲರನ ಫೋನಿಗೆ ಗೊತ್ತಿರುವ ವಿಳಾಸ ಒಂದೇ. ಆ ವಿಳಾಸವೇ ಹೊಸ ಯಂತ್ರಕ್ಕೆ ವರ್ಗವಾಗುತ್ತದೆ.

ಕೇಳಲು ಸುಲಭ. ಆದರೆ ಮೌನಕ್ಕೆ ಎರಡು ಅರ್ಥಗಳಿವೆ. ಯಜಮಾನ ಸತ್ತಿರಬಹುದು, ಇಲ್ಲವೇ ನಡುವಿನ ತಂತಿ ಕಡಿದಿರಬಹುದು. ತಂತಿ ಕಡಿದಿದ್ದರೆ ಯಜಮಾನ ಬದುಕೇ ಇದೆ. ಬದಲಿಯೂ ತಾನೇ ಯಜಮಾನ ಎಂದು ಎದ್ದಿದೆ. ಒಂದೇ ಲಾಟನ್ನು ಒಂದು ಯಂತ್ರ ಒಬ್ಬ ರೀಲರನಿಗೆ ಬರೆಯಿತು, ಇನ್ನೊಂದು ಯಂತ್ರ ಇನ್ನೊಬ್ಬನಿಗೆ. ಸರ್ವರ್ ನಿಲ್ಲುವುದಕ್ಕಿಂತ ಇದು ದೊಡ್ಡ ಅನಾಹುತ, ಯಾಕೆಂದರೆ ನಿಂತ ಯಂತ್ರವನ್ನು ಓಡಿಸಬಹುದು, ಎರಡು ಸತ್ಯಗಳನ್ನು ಆಮೇಲೆ ಒಂದು ಮಾಡುವುದು ಕಷ್ಟ.

ಪರಿಹಾರ ಪಂಚಾಯಿತಿಯದು. ಮೂರನೆಯ ಕಡೆ ಒಂದು ಸಾಕ್ಷಿ ಯಂತ್ರವನ್ನು ಇಡುತ್ತಾರೆ. ಮೂರರಲ್ಲಿ ಎರಡು ಮತ ಯಾರ ಕಡೆ ಇದೆಯೋ ಅವರೇ ಯಜಮಾನ. ಬಹುಮತ ಕಾಣದ ಯಂತ್ರ ತಾನಾಗಿಯೇ ಸುಮ್ಮನಾಗಬೇಕು. ಅದರ ಮೇಲೂ ಭರವಸೆ ಇಡದೆ, ಹೊಸ ಯಜಮಾನ ಹಳೆಯದರ ವಿದ್ಯುತ್ತನ್ನು ಮೊದಲು ಕಡಿದು ಆಮೇಲೆ ಕೆಲಸ ಹಿಡಿಯುವ ವ್ಯವಸ್ಥೆಯೂ ಉಂಟು.

ಬದಲಿ ಯಂತ್ರಕ್ಕೆ ಅಲ್ಲಿಯವರೆಗಿನ ಲೆಕ್ಕವೂ ಗೊತ್ತಿರಬೇಕಲ್ಲ? ‘ನಿಮ್ಮ ಬೆಲೆ ಸೇರಿದೆ’ ಎಂದು ಫೋನಿಗೆ ಹೇಳುವ ಮೊದಲು ಆ ಬೆಲೆ ಎರಡೂ ಯಂತ್ರಗಳ ಪುಸ್ತಕದಲ್ಲಿ ಬರೆದಾಗಿರಬೇಕು. ಇದಕ್ಕೆ ದೂರ ಅಡ್ಡ ಬರುತ್ತದೆ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ರಾಮನಗರದಿಂದ ಬೆಂಗಳೂರಿನ 50 ಕಿ.ಮೀ. ಹೋಗಿಬರಲು ಅದಕ್ಕೆ ಅರ್ಧ ಮಿಲಿಸೆಕೆಂಡು ಸಾಕು, 400 ಕಿ.ಮೀ. ಆಚೆಗಾದರೆ ನಾಲ್ಕು ಮಿಲಿಸೆಕೆಂಡು. ಹರಾಜಿಗೆ ಇದು ಏನೂ ಅಲ್ಲ. ಕ್ಷಣಕ್ಕೆ ಸಾವಿರಾರು ಸಲ ಬರೆಯುವ ಕಾರ್ಖಾನೆಯ ತಂತ್ರಾಂಶಕ್ಕೆ ಇದೇ ಭಾರ. ಅಂಥ ಕಡೆ ಹತ್ತಿರದ ಯಂತ್ರಕ್ಕೆ ಒಡನೆಯೇ ಬರೆದು, ದೂರದ್ದಕ್ಕೆ ಸ್ವಲ್ಪ ತಡವಾಗಿ ಕಳಿಸುತ್ತಾರೆ.

ಮಾಗಡಿಯ ಬಿತ್ತನೆ, ಚನ್ನಪಟ್ಟಣದ ಸೂಕ್ಷ್ಮದರ್ಶಕ

ಎರಡು ಯಂತ್ರಗಳಲ್ಲೂ ಒಂದೇ ಪುಸ್ತಕ ಇದ್ದರೆ ಸಾಕೇ? ಸಾಲದು. ಯಾರೋ ತಪ್ಪಿ ಒಂದು ದಿನದ ಲೆಕ್ಕ ಅಳಿಸಿದರೆ ಅದು ಎರಡರಲ್ಲೂ ಅದೇ ಕ್ಷಣ ಅಳಿಯುತ್ತದೆ. ಕಳ್ಳ ತಂತ್ರಾಂಶ ಒಂದನ್ನು ಕೆಡಿಸಿದರೆ ಇನ್ನೊಂದೂ ಕೆಡುತ್ತದೆ. ಜೋಡಿ ಯಂತ್ರ ಯಂತ್ರದ ಕೇಡಿಗೆ ಮದ್ದು. ಮಾಹಿತಿಯ ಕೇಡಿಗೆ ಬೇರೆಯದೇ ಮದ್ದು ಬೇಕು.

ಆ ಮದ್ದು ಮಾಗಡಿ ಸೀಮೆಯಲ್ಲಿದೆ. ಮಾಗಡಿ, ಕುಣಿಗಲ್ ಕಡೆ ಶುದ್ಧ ಮೈಸೂರು ತಳಿಯ ಬಿತ್ತನೆ ಪ್ರದೇಶಗಳಿವೆ. ಬೇರೆಡೆ ರೈತರು ಮಾರಾಟಕ್ಕೆ ಹೆಚ್ಚಾಗಿ ಬೆಳೆಯುವುದು ಮಿಶ್ರತಳಿ. ಅದರ ತಾಯಿ ತಳಿಯನ್ನು ಮಾತ್ರ ಇಲ್ಲಿ ಪ್ರತ್ಯೇಕವಾಗಿ ಕಾಪಾಡುತ್ತಾರೆ. ಬೇರೆ ತಳಿ ಬೆರೆಯಬಾರದು, ಬೇರೆ ಕಡೆಯ ರೋಗ ತಾಗಬಾರದು. ಒಂದು ಸೀಮೆಯ ಬೆಳೆ ಕೆಟ್ಟರೂ ಮೂಲ ಉಳಿದಿರಬೇಕು. ಮಾಹಿತಿಯ ಬಿತ್ತನೆ ಪ್ರತಿಯೂ ಹೀಗೇ ಇರಬೇಕು: ದೂರದಲ್ಲಿ, ದಿನದ ಸಂಪರ್ಕದಿಂದ ಬೇರ್ಪಟ್ಟು, ಯಾರೂ ತಿದ್ದಲಾಗದಂತೆ.

ಕಾಪಾಡಿದ್ದು ಆರೋಗ್ಯವಾಗಿದೆಯೇ ಎಂದು ತಿಳಿಯುವುದು ಹೇಗೆ? ಹತ್ತೊಂಬತ್ತನೇ ಶತಮಾನದಲ್ಲಿ ಪೆಬ್ರಿನ್ ರೋಗ ಯುರೋಪಿನ ರೇಷ್ಮೆಯನ್ನು ನೆಲಕ್ಕೆ ಕೆಡವಿತು. ಮೊಟ್ಟೆ ನೋಡಲು ಚೆನ್ನಾಗಿಯೇ ಇರುತ್ತಿತ್ತು. ರೋಗ ತಾಯಿಯಿಂದ ಅದರೊಳಗೆ ಬಂದಿರುತ್ತಿತ್ತು. 1865ರಿಂದ ಐದು ವರ್ಷ ಇದರ ಬೆನ್ನು ಹತ್ತಿದ ಲೂಯಿ ಪಾಶ್ಚರ್ ಒಂದು ಸರಳ ವಿಧಾನ ಕೊಟ್ಟ. ಮೊಟ್ಟೆಯಿಟ್ಟ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುವುದು; ರೋಗಾಣು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಡುವುದು. ಮೈಸೂರು ಸಂಸ್ಥಾನ 1910ರ ದಶಕದಲ್ಲಿ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ಮಾಡಿಸಿತು. ರೋಗರಹಿತ ಮೊಟ್ಟೆ ಎಂಬ ವಿಚಾರ ಈ ನೆಲದಲ್ಲಿ ಬೇರೂರಿದ್ದು ಅಂಥ ಪ್ರಯತ್ನಗಳಿಂದ.

ಬ್ಯಾಕಪ್ ಕೂಡ ಮೊಟ್ಟೆಯೇ. ಕಡತ ಇದೆ, ಗಾತ್ರ ಸರಿಯಿದೆ, ದಿನಾಂಕ ಇಂದಿನದು. ಆದರೆ ಅದರಿಂದ ಜೀವಂತ ವ್ಯವಸ್ಥೆ ಎದ್ದು ಬರುತ್ತದೆಯೇ? ಖಾಲಿ ಯಂತ್ರವೊಂದಕ್ಕೆ ಅದನ್ನು ಇಳಿಸಿ, ನಿನ್ನೆಯ ಲಾಟುಗಳನ್ನು ಎಣಿಸಿ ನೋಡುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಪರೀಕ್ಷೆಯಾಗದ ಬ್ಯಾಕಪ್ ಗಾಳಿಯಿಲ್ಲದ ಸ್ಟೆಪ್ನಿ ಇದ್ದಂತೆ. ಡಿಕ್ಕಿಯಲ್ಲಿ ಇದೆ ಎಂಬ ಧೈರ್ಯವಷ್ಟೇ ನಮ್ಮದು.

ನಾಲ್ಕು ಜ್ವರ

ಇಷ್ಟೆಲ್ಲ ತಿಳಿದ ಮೇಲೆ ಕಡುಕಷ್ಟದ ಕೆಲಸ ಉಳಿಯುತ್ತದೆ. ಹಳೆಯ ಒಂಟಿ ಸರ್ವರ್ ಇಂದೂ ಓಡುತ್ತಿದೆ, ಮಾರುಕಟ್ಟೆ ನಾಳೆಯೂ ನಡೆಯಬೇಕು. ಅದನ್ನು ಹೊಸ ಜೋಡಿ ಯಂತ್ರಗಳಿಗೆ ಸಾಗಿಸುವುದು ಹೇಗೆ?

ರೇಷ್ಮೆಹುಳ ತಿಂಗಳೊಳಗೆ ಹತ್ತು ಸಾವಿರ ಪಟ್ಟು ತೂಕ ಹೆಚ್ಚಿಸಿಕೊಳ್ಳುತ್ತದೆ. ಹಳೆಯ ಚರ್ಮ ಅಷ್ಟು ಹಿಗ್ಗುವುದಿಲ್ಲ. ಅದಕ್ಕೆ ನಾಲ್ಕು ಸಲ ಪೊರೆ ಬಿಡುತ್ತದೆ. ರೈತರು ಇದನ್ನು ಜ್ವರ ಎನ್ನುತ್ತಾರೆ. ಹುಳ ತಲೆಯೆತ್ತಿ ಒಂದು ದಿನದಷ್ಟು ಹೊತ್ತು ಅಲುಗದೆ ಕೂರುತ್ತದೆ. ಹಳೆಯ ಚರ್ಮದಡಿ ಹೊಸ ಚರ್ಮ ಪೂರ್ತಿ ಸಿದ್ಧವಾದ ಮೇಲಷ್ಟೇ ಹಳೆಯದು ಕಳಚುತ್ತದೆ. ಆ ಹೊತ್ತಿನಲ್ಲಿ ರೈತ ಸೊಪ್ಪು ಹಾಕುವುದಿಲ್ಲ, ಹುಳವನ್ನು ಮುಟ್ಟುವುದಿಲ್ಲ. ಹಾಸಿಗೆ ಒಣಗಿರಲಿ ಎಂದು ಸುಣ್ಣದ ಪುಡಿ ಉದುರಿಸುತ್ತಾನೆ. ಹೆಚ್ಚುಕಡಿಮೆ ಎಲ್ಲ ಹುಳವೂ ಎದ್ದ ಮೇಲೆಯೇ ಮತ್ತೆ ಸೊಪ್ಪು.

ಸರ್ವರ್ ಬದಲಾವಣೆಯ ಕ್ರಮವೂ ಇದೇ. ಮೊದಲು ಎಣಿಕೆ: ಮೂಲೆಯ ಮೇಜಿನಡಿ ಎಂದೋ ಇಟ್ಟು ಎಲ್ಲರೂ ಮರೆತ ಕಂಪ್ಯೂಟರ್ ದಿನದ ವರದಿ ಮುದ್ರಿಸುತ್ತಿರಬಹುದು, ಅದೂ ಪಟ್ಟಿಗೆ ಸೇರಬೇಕು. ಆಮೇಲೆ ಹೊಸ ಚರ್ಮ ಒಳಗೇ ಬೆಳೆಯಬೇಕು. ಹಳೆಯ ಯಂತ್ರ ಓಡುತ್ತಿರುವಾಗಲೇ ಹೊಸದು ಅದರ ಪುಸ್ತಕವನ್ನು ಪ್ರತಿ ಮಾಡಿಕೊಳ್ಳುತ್ತಿರಲಿ. ಕೆಲವು ವಾರ ಎರಡರ ದಿನದ ಮೊತ್ತವನ್ನು ತಾಳೆ ನೋಡಲಿ. ಬದಲಾವಣೆಯ ದಿನ ಹತ್ತಿರವಾದಾಗ ಜ್ವರದ ನಿಯಮ: ಹೊಸ ಸೌಲಭ್ಯ ಬೇಡ, ಸಣ್ಣ ತಿದ್ದುಪಡಿಯೂ ಬೇಡ. ಗೂಡು ಕಡಿಮೆ ಬರುವ ಕಾಲ ನೋಡಿ, ಹರಾಜು ಮುಗಿದ ಮೇಲೆ ಕೈ ಬದಲಾಯಿಸಬೇಕು. ಬೆಳಗಿನ ಇಂತಿಷ್ಟು ಗಂಟೆಯೊಳಗೆ ಎಲ್ಲವೂ ಸರಿಹೋಗದಿದ್ದರೆ ಹಳೆಯದಕ್ಕೇ ಹಿಂದಿರುಗುತ್ತೇವೆ ಎಂಬ ಗೆರೆಯನ್ನು ಮೊದಲೇ ಎಳೆದಿರಬೇಕು. ಬೆಂಕಿ ಬಿದ್ದಾಗ ಬಾವಿ ತೋಡಲು ಕೂತರೆ ಆ ಗೆರೆ ಯಾರಿಗೂ ಕಾಣುವುದಿಲ್ಲ.

ಎಲ್ಲ ಮುಗಿದ ಮೇಲೆ ಧೈರ್ಯದ ಒಂದು ಕೆಲಸ ಇದೆ: ಓಡುತ್ತಿರುವ ಯಜಮಾನ ಯಂತ್ರದ ಪ್ಲಗ್ಗನ್ನು ಬೇಕೆಂದೇ ಕೀಳುವುದು. ಬದಲಿ ಎದ್ದು ನಿಂತರೆ ಮಾತ್ರ ಕೆಲಸ ಮುಗಿಯಿತು. ಇದನ್ನು ವರ್ಷಕ್ಕೆ ಕೆಲವು ಸಲ ಮಾಡುತ್ತಿರಬೇಕು, ಅದೂ ಪರಿಣತನೊಬ್ಬ ರಜೆಯಲ್ಲಿರುವಾಗ. ಹಾಗೆ ಮಾಡಿದರೆ ಆ ವಿದ್ಯೆ ಒಬ್ಬನ ತಲೆಯಲ್ಲಿದೆಯೋ, ಕನ್ನಡದಲ್ಲಿ ಬರೆದಿಟ್ಟ ಪುಸ್ತಕದಲ್ಲಿದೆಯೋ ತಿಳಿಯುತ್ತದೆ. ಎಲ್ಲ ಯಂತ್ರಗಳೂ ಕೈಬಿಟ್ಟ ದಿನಕ್ಕೆ ಚೀಟಿ, ಪೆನ್ನು, ಕೂಗಿ ನಡೆಸುವ ಹರಾಜು ಇದ್ದೇ ಇದೆ. ಆ ಹಳೆಯ ಕಸುಬು ಬಲ್ಲ ಮಂದಿಯೂ ಒಂದು ಬದಲಿಯೇ. ಅವರ ಕೈಗೂ ಆಗಾಗ ಕೆಲಸ ಕೊಟ್ಟು ಅಭ್ಯಾಸ ಉಳಿಸಿಕೊಳ್ಳಬೇಕು.

ಒಂದು ರೇಷ್ಮೆ ಸೀರೆಯ ನೂಲಿನಲ್ಲಿ ಎಷ್ಟು ಕಡೆ ಒಂದು ಗೂಡು ಮುಗಿದು ಇನ್ನೊಂದು ಸೇರಿದೆ ಎಂದು ಉಟ್ಟವರಿಗೆ ಕಾಣುವುದಿಲ್ಲ. ಹಬೆಯೊಳಗೆ ಕೂತು ಆ ಎಳೆಗಳನ್ನು ತಾಗಿಸಿದವಳ ಹೆಸರೂ ಗೊತ್ತಿರುವುದಿಲ್ಲ. ಸರ್ವರ್ ಕಾಯುವವರ ಕೆಲಸವೂ ಅಂಥದೇ. ಹರಾಜಿನ ನಡುವೆ ಒಂದು ಯಂತ್ರ ಸತ್ತು ಇನ್ನೊಂದು ಕೆಲಸ ಹಿಡಿದ ದಿನವೂ ರೈತ ತನ್ನ ತೂಕದ ಚೀಟಿ ಮಡಚಿ ಜೇಬಿಗಿಟ್ಟು, ಹಣ ಬಂದ ಸಂದೇಶವನ್ನು ಇನ್ನೊಮ್ಮೆ ಓದಿಕೊಂಡು, ಖಾಲಿ ಚೀಲ ಹೆಗಲಿಗೆ ಹಾಕಿ ಕನಕಪುರದ ಬಸ್ಸು ಹತ್ತಲಿ. ಆ ಮಧ್ಯಾಹ್ನ ಏನಾಯಿತೆಂದು ಅವನಿಗೆ ಗೊತ್ತೇ ಆಗದಿರಲಿ.